ಎಕ್ಸ್‌ಪೋರ್ಟ್ ಕಾರು ಗಟ್ಟಿ, ನಮ್ಮದು ತಗಡು: ಈ ಮಾತು ಎಷ್ಟು ನಿಜ?

ಆಳಂದ, ಅಫಜಲಪುರ, ಜೇವರ್ಗಿ ಕಡೆ ಹಳೆಯ ಕಾರು ಕೊಳ್ಳಲು ಹೊರಟವರು ಬಾನೆಟ್ ಮೇಲೆ ಬೆರಳು ಒತ್ತಿ ನೋಡುವುದುಂಟು. ಸ್ವಲ್ಪ ತಗ್ಗಿದರೆ ತೀರ್ಪು ಸಿದ್ಧ: "ಹೊರದೇಶಕ್ಕೆ ದಪ್ಪ ತಗಡು ಕಳಿಸ್ತಾರ, ನಮಗ ತೆಳು ಹಾಕ್ತಾರ." ಈ ಮಾತಿನಲ್ಲಿ ಒಂದಷ್ಟು ಸತ್ಯವಿದೆ, ಆದರೆ ಅದು ತಗಡಿನಲ್ಲಿಲ್ಲ.

ನಮ್ಮ ರಾಜ್ಯದ್ದೇ ಉದಾಹರಣೆ ನೋಡೋಣ. ಟೊಯೋಟಾ ಎಟಿಯೋಸ್ ಎಂಬ ಸೆಡಾನ್, ಅಂದರೆ ಹಿಂದೆ ಪ್ರತ್ಯೇಕ ಡಿಕ್ಕಿ ಇರುವ ಕಾರು, 2010ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ತಯಾರಾಗುತ್ತಿದ್ದುದು ಬೆಂಗಳೂರು ಪಕ್ಕದ ಬಿಡದಿಯಲ್ಲಿ. ಭಾರತದಂಥ ಬೆಳೆಯುತ್ತಿರುವ ಮಾರುಕಟ್ಟೆಗಳಿಗೆಂದೇ ಕಂಪನಿ ಹೊಸದಾಗಿ ರೂಪಿಸಿದ ಕಾರು ಇದು. 595 ಲೀಟರ್ ಡಿಕ್ಕಿ, ಒಂದು ಲೀಟರಿನ ಏಳು ನೀರಿನ ಬಾಟಲಿ ಇಡಲು ಜಾಗ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಕಲಬುರಗಿಯವರಿಗೆ ಆ ಬಾಟಲಿಗಳ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.

2012ರಿಂದ ಬಿಡದಿಯ ಎಟಿಯೋಸ್ ದಕ್ಷಿಣ ಆಫ್ರಿಕಾಕ್ಕೂ ಹಡಗು ಹತ್ತಿತು. ಅಲ್ಲಿಯೂ ನಮ್ಮಂತೆ ರಸ್ತೆಯ ಎಡಕ್ಕೆ ಓಡಿಸುತ್ತಾರೆ, ಸ್ಟೇರಿಂಗ್ ಬಲಕ್ಕಿರುತ್ತದೆ. ಬ್ರೆಜಿಲ್‌ನಲ್ಲಿ ಇದು ತಿರುವುಮುರುವು. ಅಲ್ಲಿಗೆ ಬೇಕಾದ ಎಟಿಯೋಸ್ ಅಲ್ಲಿನ ಸೊರೊಕಾಬಾ ಊರಿನ ಕಾರ್ಖಾನೆಯಲ್ಲೇ ತಯಾರಾಯಿತು. ಅದರ ಎಂಜಿನ್ ಪೆಟ್ರೋಲ್ ಮತ್ತು ಎಥನಾಲ್ ಎರಡನ್ನೂ ಯಾವುದೇ ಪ್ರಮಾಣದಲ್ಲಿ ಬೆರೆಸಿದರೂ ಓಡುವಂಥದ್ದು. ಕಾರು ಅದೇ, ಹೊಟ್ಟೆ ಮಾತ್ರ ಬೇರೆ.

ಕಾರಿನ ಆಕಾರವನ್ನು ತೆರಿಗೆಯೂ ಬದಲಿಸುತ್ತದೆ. 2006ರ ಕೇಂದ್ರ ಬಜೆಟ್ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು 24ರಿಂದ 16 ಶೇಕಡಾಕ್ಕೆ ಇಳಿಸಿತು. ಷರತ್ತು: ಉದ್ದ 4 ಮೀಟರ್ ಮೀರಬಾರದು, ಎಂಜಿನ್ ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಮೀರಬಾರದು. 2008ರ ಮಾರುತಿ ಡಿಜೈರ್ ಉದ್ದ 4,160 ಮಿ.ಮೀ. ಇತ್ತು. 2012ರಲ್ಲಿ ಅದನ್ನು 3,995ಕ್ಕೆ ಇಳಿಸಿದರು. ಕತ್ತರಿ ಬಿದ್ದದ್ದು ಮುಖ್ಯವಾಗಿ ಡಿಕ್ಕಿಗೆ. ಆ ಡಿಜೈರ್ ಹಿಂದಿನಿಂದ ಮೊಂಡಾಗಿ ಕಾಣುವುದಕ್ಕೆ ಕಾರಣ ವಿನ್ಯಾಸಕಾರನ ರುಚಿಯಲ್ಲ, ದಿಲ್ಲಿಯ ಲೆಕ್ಕ. ಎಟಿಯೋಸ್ ಸೆಡಾನ್ 4,265 ಮಿ.ಮೀ. ಉದ್ದವಿದ್ದುದರಿಂದ ಈ ರಿಯಾಯಿತಿ ಅದಕ್ಕೆ ಸಿಗಲಿಲ್ಲ.

ಈಗ ತಗಡಿನ ವಿಷಯ. ಬಾಗಿಲು, ಬಾನೆಟ್‌ಗಳ ಹೊರ ಹಾಳೆ ಬೆರಳಿಗೆ ತಗ್ಗುವುದಕ್ಕೂ ಅಪಘಾತದಲ್ಲಿ ಒಳಗಿದ್ದವರು ಬದುಕುವುದಕ್ಕೂ ಹೆಚ್ಚಿನ ಸಂಬಂಧವಿಲ್ಲ. ಪೆಟ್ಟಿನ ಶಕ್ತಿಯನ್ನು ಮುಖ್ಯವಾಗಿ ತಡೆಯುವುದು ಒಳಗಿನ ಉಕ್ಕಿನ ಚೌಕಟ್ಟು. ಮುಂಭಾಗ ಮಡಚಿಕೊಂಡು ಶಕ್ತಿಯನ್ನು ಹೀರಬೇಕು, ಜನ ಕೂರುವ ಭಾಗ ಮಡಚಬಾರದು. ಇದರ ಜೊತೆಗೆ ಸೀಟ್ ಬೆಲ್ಟ್, ಏರ್‌ಬ್ಯಾಗ್. ಮಾರುಕಟ್ಟೆಯಿಂದ ಮಾರುಕಟ್ಟೆಗೆ ಎದ್ದು ಕಾಣುವ ವ್ಯತ್ಯಾಸ ಇರುತ್ತಿದ್ದುದು ಇಲ್ಲಿ. ಕಾನೂನು ಕೇಳದ ಕಡೆ ಅಗ್ಗದ ಮಾದರಿಯಿಂದ ಏರ್‌ಬ್ಯಾಗ್ ತೆಗೆಯುತ್ತಿದ್ದರು.

ಇದು ಭಾರತದ ಕಥೆ ಮಾತ್ರವಲ್ಲ. 2016ರಲ್ಲಿ ಅಮೆರಿಕದಲ್ಲಿ ನಿಸಾನ್ ಕಂಪನಿಯ ಎರಡು ಸೆಡಾನ್‌ಗಳನ್ನು ಮುಖಾಮುಖಿ ಗುದ್ದಿಸಿದರು: ಮೆಕ್ಸಿಕೋದಲ್ಲಿ ಮಾರುತ್ತಿದ್ದ ತ್ಸುರು, ಅಮೆರಿಕದಲ್ಲಿ ಮಾರುತ್ತಿದ್ದ ವರ್ಸಾ. ಎರಡೂ ಮೆಕ್ಸಿಕೋದಲ್ಲೇ ತಯಾರಾದವು, ಎರಡೂ ತಂತಮ್ಮ ದೇಶದ ಅಗ್ಗದ ಸೆಡಾನ್‌ಗಳು. ವರ್ಸಾದಲ್ಲಿದ್ದ ಗೊಂಬೆ ಉಳಿಯಿತು. ಏರ್‌ಬ್ಯಾಗೇ ಇಲ್ಲದ, 1990ರ ದಶಕದ ವಿನ್ಯಾಸದ ತ್ಸುರುವಿನಲ್ಲಿ ಮನುಷ್ಯನಿದ್ದಿದ್ದರೆ ಬದುಕುವುದು ಕಷ್ಟವಿತ್ತು. ಮರುವರ್ಷ ತ್ಸುರು ತಯಾರಿಕೆ ನಿಂತಿತು. ನಮ್ಮಲ್ಲಿ ಸನ್ನಿ ಎಂದು ಮಾರಾಟವಾದದ್ದು ಆ ಪೀಳಿಗೆಯ ವರ್ಸಾದ ಒಡಹುಟ್ಟಿದ ಕಾರೇ.

ಬಿಡದಿಯ ಎಟಿಯೋಸ್‌ನ ಅಗ್ಗದ ಮಾದರಿಯಲ್ಲೂ ಮೊದಮೊದಲು ಏರ್‌ಬ್ಯಾಗ್ ಇರಲಿಲ್ಲ. 2015ರಲ್ಲಿ ಕಂಪನಿ ಎಲ್ಲ ಮಾದರಿಗಳಿಗೂ ಮುಂದಿನ ಎರಡು ಏರ್‌ಬ್ಯಾಗ್ ಕೊಡತೊಡಗಿತು. ಹಾಗೆ ಎರಡು ಏರ್‌ಬ್ಯಾಗ್ ಇದ್ದ ಎಟಿಯೋಸ್ ಗ್ಲೋಬಲ್ ಎನ್‌ಸಿಎಪಿ ಪರೀಕ್ಷೆಯಲ್ಲಿ ವಯಸ್ಕರ ಸುರಕ್ಷತೆಗೆ 5ರಲ್ಲಿ 4 ನಕ್ಷತ್ರ ಪಡೆಯಿತು. "ನಮಗೆ ಕೊಡುವುದೆಲ್ಲ ತಗಡು" ಎಂಬ ಮಾತಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಕಾನೂನು ಬಂದದ್ದು ತಡವಾಗಿ. ಚಾಲಕನ ಏರ್‌ಬ್ಯಾಗ್ 2019ರ ಜುಲೈ 1ರಿಂದ ಕಡ್ಡಾಯವಾಯಿತು. ಪಕ್ಕದ ಸೀಟಿನದು ಹೊಸ ಮಾದರಿಗಳಿಗೆ 2021ರ ಏಪ್ರಿಲ್‌ನಿಂದ, ಆಗಲೇ ಮಾರಾಟದಲ್ಲಿದ್ದವಕ್ಕೆ ಆ ವರ್ಷದ ಕೊನೆಗೆ. ಎಟಿಯೋಸ್ ಮಾರಾಟ 2020ರಲ್ಲೇ ನಿಂತುಹೋಗಿತ್ತು. ಹೀಗಾಗಿ ಇಂದು ಹಳೆಯ ಕಾರು ಮಾರುವವರ ಬಳಿ ಒಂದೇ ಹೆಸರಿನ, ಒಂದೇ ಬಣ್ಣದ ಎರಡು ಸೆಡಾನ್ ನಿಂತಿದ್ದರೆ ಒಂದರಲ್ಲಿ ಏರ್‌ಬ್ಯಾಗ್ ಇರಬಹುದು, ಇನ್ನೊಂದರಲ್ಲಿ ಇಲ್ಲದಿರಬಹುದು. ಗಾಣಗಾಪುರಕ್ಕೆ ಭಕ್ತರನ್ನು ಕರೆದೊಯ್ಯಲು ಬಾಡಿಗೆಗೆ ಬಿಡುವವರಿಗಂತೂ ಇದು ಐದು ಜೀವಗಳ ಪ್ರಶ್ನೆ.

ಹಾಗಾದರೆ ಏನು ನೋಡಬೇಕು? ಬಾನೆಟ್ ಒತ್ತುವುದನ್ನು ಬಿಟ್ಟು ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು, ವರ್ಷ ಮತ್ತು ಮಾದರಿಯ ಪೂರ್ತಿ ಹೆಸರು ನೋಡಿ. ಸ್ಟೇರಿಂಗ್ ನಡುವೆ, ಎಡಗಡೆ ಡ್ಯಾಶ್‌ಬೋರ್ಡ್ ಮೇಲೆ ಏರ್‌ಬ್ಯಾಗ್ ಅಥವಾ ಎಸ್‌ಆರ್‌ಎಸ್ ಎಂದು ಕೊರೆದಿದೆಯೇ ಗಮನಿಸಿ. ಹಿಂದಿನ ಸೀಟಿನ ಬೆಲ್ಟ್‌ಗಳನ್ನು ಜೋರಾಗಿ ಜಗ್ಗಿ ನೋಡಿ, ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಅವು ಸೀಟ್ ಕವರಿನ ಕೆಳಗೆ ಹುದುಗಿಹೋಗಿದ್ದರೆ ಹೊರಗೆ ತೆಗೆಸಿ. ಕೊನೆಗೆ ಕೀ ತಿರುಗಿಸಿ: ಮೀಟರ್‌ನಲ್ಲಿ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದೇ ಉರಿಯುತ್ತಿದ್ದರೆ ವ್ಯವಸ್ಥೆ ಕೆಟ್ಟಿದೆ. ಒಮ್ಮೆಯೂ ಹೊತ್ತದಿದ್ದರೆ, ಹಿಂದೆ ಎಲ್ಲೋ ಗುದ್ದಿ ಏರ್‌ಬ್ಯಾಗ್ ಬಿಚ್ಚಿಕೊಂಡ ಮೇಲೆ ಹೊಸದು ಹಾಕಿಸದೆ ದೀಪದ ತಂತಿ ಕಿತ್ತಿರಬಹುದು. ಅಂಥ ಕಾರನ್ನು ಮೆಕ್ಯಾನಿಕ್‌ಗೆ ತೋರಿಸದೆ ಮುಂಗಡ ಕೊಡಬೇಡಿ.