ಗಾಲ್ಫ್ ಕ್ಲಬ್: ಆರಿಸುವ ಮುನ್ನ ತಿಳಿಯಬೇಕಾದದ್ದು

ಗಾಲ್ಫ್ ಆಟಗಾರ ಒಂದು ಸುತ್ತಿಗೆ 14ಕ್ಕಿಂತ ಹೆಚ್ಚು ಕ್ಲಬ್ ಒಯ್ಯುವಂತಿಲ್ಲ. ಅಮೆರಿಕದಲ್ಲಿ ಈ ನಿಯಮ 1938ರಲ್ಲಿ ಬಂತು. ಇದು ಗರಿಷ್ಠ ಮಿತಿ ಮಾತ್ರ. ಹಾಗಿದ್ದರೂ ಹೊಸಬರು ಹದಿನಾಲ್ಕನ್ನೂ ಒಟ್ಟಿಗೆ ಕೊಂಡು ದುಡ್ಡು ಕಳೆಯುತ್ತಾರೆ. ಆರೇಳು ಕ್ಲಬ್ ಸಾಕು. ಅವು ನಿಮ್ಮ ಮೈಕಟ್ಟಿಗೆ ಹೊಂದಬೇಕು, ಅಷ್ಟೆ.

ಲಾಫ್ಟ್

ಕ್ಲಬ್ಬಿನ ಮುಖ ಎಷ್ಟು ಡಿಗ್ರಿ ಹಿಂದಕ್ಕೆ ಓರೆಯಾಗಿದೆ ಎಂಬುದೇ ಲಾಫ್ಟ್. ಅತಿ ಉದ್ದದ ಕ್ಲಬ್ ಆದ ಡ್ರೈವರ್‌ನಲ್ಲಿ ಇದು ಸಾಮಾನ್ಯವಾಗಿ 9ರಿಂದ 12 ಡಿಗ್ರಿ, ತೆಳು ಲೋಹದ ತಲೆಯ ಐರನ್‌ಗಳ ಪೈಕಿ ಏಳನೆಯದರಲ್ಲಿ 30ರ ಆಸುಪಾಸು, ಸ್ಯಾಂಡ್ ವೆಜ್‌ನಲ್ಲಿ 54ರಿಂದ 58. ಲಾಫ್ಟ್ ಹೆಚ್ಚಿದಷ್ಟೂ ಚೆಂಡು ಮೇಲೇರುತ್ತದೆ, ದೂರ ಕಡಿಮೆಯಾಗುತ್ತದೆ. ಚೆಂಡನ್ನು ಎತ್ತುವ ಕೆಲಸ ಈ ಓರೆಯದೇ. ಇದು ತಿಳಿಯದೆ ಕೈಯಿಂದ ಚೆಂಡನ್ನು ಎತ್ತಲು ಹೋದರೆ ಹೊಡೆತ ಕೆಡುತ್ತದೆ. ಮೂರನೇ, ನಾಲ್ಕನೇ ಐರನ್‌ಗಳಲ್ಲಿ ಲಾಫ್ಟ್ ಕಡಿಮೆ, ಹೊಡೆಯುವುದು ಕಷ್ಟ. ಅವುಗಳ ಬದಲು ದಪ್ಪ ತಲೆಯ, ಹೊಡೆಯಲು ಸುಲಭವಾದ ಹೈಬ್ರಿಡ್ ಕೊಳ್ಳಿ.

ಸ್ಯಾಂಡ್ ವೆಜ್

ಬಂಕರ್ ಎಂಬ ಮರಳುಗುಂಡಿಯಲ್ಲಿ ಚೂಪು ಅಂಚಿನ ಕ್ಲಬ್ ನೇರ ಹೂತುಹೋಗುತ್ತದೆ. ಅಮೆರಿಕದ ಗಾಲ್ಫ್ ಆಟಗಾರ ಜೀನ್ ಸರಾಜೆನ್ ತನ್ನ ಕ್ಲಬ್ಬಿನ ತಳಕ್ಕೆ ಬೆಸುಗೆ ಲೋಹ ಸೇರಿಸಿ, ಹಿಂಬದಿಯ ಅಂಚು ಮುಂಬದಿಗಿಂತ ತಗ್ಗಿರುವಂತೆ ಮಾಡಿದ. ಅದನ್ನು ಹಿಡಿದು 1932ರ ಬ್ರಿಟಿಷ್ ಓಪನ್ ಗೆದ್ದ. ಆ ಉಬ್ಬಿಗೆ ಬೌನ್ಸ್ ಎನ್ನುತ್ತಾರೆ. ಕ್ಲಬ್ ಚೆಂಡಿನ ಹಿಂದೆ ಒಂದೆರಡು ಇಂಚು ದೂರದಲ್ಲಿ ಮರಳಿಗಿಳಿದು, ಹೂಳದೆ ಜಾರುತ್ತದೆ. ಚಿಮ್ಮುವ ಮರಳೇ ಚೆಂಡನ್ನು ಹೊತ್ತು ಆಚೆ ಹಾಕುತ್ತದೆ. ಆದರೆ ಬೇಸಿಗೆಯಲ್ಲಿ ಗಟ್ಟಿಯಾದ ನೆಲದ ಮೇಲೆ ಹೆಚ್ಚು ಬೌನ್ಸ್ ಇದ್ದರೆ ಕ್ಲಬ್ ಪುಟಿದು ಚೆಂಡಿನ ಹೊಟ್ಟೆಗೆ ಬಡಿಯುತ್ತದೆ. ನೀವು ಆಡುವ ಮೈದಾನದ ಮಣ್ಣು ಹೇಗಿದೆ ನೋಡಿಕೊಂಡೇ ಕೊಳ್ಳಿ.

ಶಾಫ್ಟ್, ಉದ್ದ, ಲೈ

ಕ್ಲಬ್ಬಿನ ಕೋಲೇ ಶಾಫ್ಟ್. ನಿಧಾನ ಬೀಸುವವರಿಗೆ ಬಾಗುವ ಶಾಫ್ಟ್, ವೇಗವಾಗಿ ಬೀಸುವವರಿಗೆ ಬಿರುಸಾದದ್ದು. ಉದ್ದ ನಿರ್ಧರಿಸಲು ಎತ್ತರವೊಂದೇ ಸಾಲದು, ಮಣಿಕಟ್ಟಿನಿಂದ ನೆಲಕ್ಕಿರುವ ಅಂತರವನ್ನೂ ಅಳೆಯಬೇಕು. ಶಾಫ್ಟ್ ನೆಲಕ್ಕೆ ಎಷ್ಟು ಓರೆಯಾಗಿ ನಿಲ್ಲುತ್ತದೆ ಎಂಬುದು ಲೈ. ಇದನ್ನು ಪರೀಕ್ಷಿಸಲು ಚೆಂಡಿನ ಮೇಲೆ ಮಾರ್ಕರ್‌ನಿಂದ ನೆಟ್ಟಗೆ ಗೆರೆ ಎಳೆದು, ಗೆರೆ ಕ್ಲಬ್ಬಿನ ಕಡೆಗಿರುವಂತೆ ಇಟ್ಟು ಹೊಡೆಯಿರಿ. ಕ್ಲಬ್ಬಿನ ಮುಖದ ಮೇಲೆ ಮೂಡಿದ ಗೆರೆ ನೆಟ್ಟಗಿದ್ದರೆ ಲೈ ಸರಿ. ವಾಲಿದ್ದರೆ ಅಂಗಡಿಯವರಿಂದ ಬಗ್ಗಿಸಿಕೊಳ್ಳಬೇಕು. ಬಲಗೈ ಆಟಗಾರರ ಕ್ಲಬ್ಬಿನ ತಲೆಯ ಹೊರತುದಿ ಮೇಲೆದ್ದಿದ್ದರೆ ಹೊಡೆತ ಎಡಕ್ಕೆಳೆಯುತ್ತದೆ.

ಪಟರ್

ಪಾರ್ 72ರ, ಅಂದರೆ 72 ಹೊಡೆತಗಳಲ್ಲಿ ಮುಗಿಸಬೇಕಾದ ಕೋರ್ಸಿನಲ್ಲಿ 36 ಹೊಡೆತಗಳ ಲೆಕ್ಕ ಪಟಿಂಗಿಗೇ, ಅಂದರೆ ಪಟರ್‌ನಿಂದ ಚೆಂಡನ್ನು ಕುಳಿಗೆ ಉರುಳಿಸುವುದಕ್ಕೇ ಇರುತ್ತದೆ. ಹಾಗಿದ್ದೂ ಡ್ರೈವರ್‌ಗೆ ಸುರಿಯುವ ದುಡ್ಡಿನಲ್ಲಿ ಕಾಲು ಭಾಗವನ್ನೂ ಪಟರ್‌ಗೆ ಕೊಡದವರು ಬಹಳ. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ದೂರದ ಹೊಡೆತಕ್ಕೆ ಹೆಸರಾದವರಲ್ಲ. ಟೋಕಿಯೊ ಒಲಿಂಪಿಕ್ಸಿನಲ್ಲಿ ಅವರನ್ನು 4ನೇ ಸ್ಥಾನಕ್ಕೇರಿಸಿದ್ದರಲ್ಲಿ ಪಟರ್‌ನ ಪಾಲು ದೊಡ್ಡದು.

ಮೊದಲ ಚೀಲ

ಪಟರ್, ಸ್ಯಾಂಡ್ ವೆಜ್, ಪಿಚಿಂಗ್ ವೆಜ್, ಏಳು ಮತ್ತು ಒಂಬತ್ತನೇ ಐರನ್, ಒಂದು ಹೈಬ್ರಿಡ್. ಐರನ್‌ಗಳ ಬೆನ್ನು ಟೊಳ್ಳಾಗಿ, ತೂಕ ಅಂಚುಗಳಿಗೆ ಹಂಚಿರಲಿ. ನಡುವೆ ತಾಗದ ಹೊಡೆತವೂ ಆಗ ತೀರ ಹಾಳಾಗದು. ಬಳಸಿದ ಕ್ಲಬ್ ಕೊಂಡರೂ ಅಡ್ಡಿಯಿಲ್ಲ. ವೆಜ್‌ನ ಮುಖದ ಗೀರುಗಳು ಸವೆದಿವೆಯೇ ಎಂದು ಉಗುರಾಡಿಸಿ ನೋಡಿ, ಗ್ರಿಪ್ ಒಣಗಿ ಜಾರುತ್ತಿದ್ದರೆ ಹೊಸದು ಹಾಕಿಸಿ.