ಕಡಲಿನ ಗೆರೆಯೂ ನಾಗರಬಾವಿಯ ಎತ್ತರವೂ

ನಾಗರಬಾವಿ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆಯೆಂದು ನಾವು ಸಲೀಸಾಗಿ ಹೇಳುತ್ತೇವೆ. ಆದರೆ ಹಗಲಿರುಳೂ ಏರಿಳಿಯುವ ಕಡಲಿಗೆ ಒಂದು ಮಟ್ಟವೆಂಬುದು ಎಲ್ಲಿಂದ ಬಂತು? ವಾಚಕರು ಎಂದಾದರೂ ಯೋಚಿಸಿದ್ದೀರಾ?

ಅದು ಬಂದದ್ದು ಒಂದು ಗೆರೆಯಿಂದ. 1873ರಲ್ಲಿ ಸರ್ವೇ ಇಲಾಖೆಯ ಬೇರ್ಡ್ ಎಂಬ ಅಧಿಕಾರಿ ಕಚ್ಛದ ಕೊಲ್ಲಿಯಲ್ಲಿ ಉಬ್ಬರವಿಳಿತ ಅಳೆಯುವ ಕೆಲಸಕ್ಕೆ ತೊಡಗಿದನು. ಮುಂದೆ ನಮ್ಮ ಕಾರವಾರದಲ್ಲಿಯೂ ಅದು ನಡೆಯಿತು. ದಡದಲ್ಲಿ ಕಡಲಿಗೆ ಸೇರಿದಂತೆ ಒಂದು ಬಾವಿ. ಅದರಲ್ಲಿ ತೇಲುವ ಬುರುಡೆ. ಅದಕ್ಕೆ ಕಟ್ಟಿದ ಪೆನ್ಸಿಲು ಗಡಿಯಾರದಿಂದ ತಿರುಗುವ ಉರುಳೆಯ ಕಾಗದದ ಮೇಲೆ ಅಲೆಯಂತೆ ಗೆರೆ ಎಳೆಯುವುದು. ಬಾವಿಯ ಹೆಸರು ಹೊತ್ತ ಊರಿನವರಿಗೆ ಇದನ್ನು ಹೇಳುವುದು ನನಗೆ ಹಿತವೆನಿಸುತ್ತದೆ.

ಶಾಲೆಯ ಹುಡುಗರು ಇಂಥ ಗೆರೆಯನ್ನು ಕಂಡೊಡನೆ ಸೂತ್ರ ಹುಡುಕುತ್ತಾ ಕಂಗಾಲಾಗುತ್ತಾರೆ. ನಾಲ್ಕೇ ಪ್ರಶ್ನೆ ಸಾಕು. ಉದಾಹರಣೆಗೆ ನೀರು 2 ಮೀಟರಿಗೆ ಏರಿ 0.4ಕ್ಕೆ ಇಳಿಯಿತೆನ್ನಿ. ಇವೆರಡರ ನಡು 1.2, ಅದೇ ನಡುಗೆರೆ. ಅಲ್ಲಿಂದ ಶಿಖರಕ್ಕೆ 0.8. ಒಂದು ಶಿಖರದಿಂದ ಮುಂದಿನದಕ್ಕೆ, ಚಂದ್ರನ ದೆಸೆಯಿಂದ, 12 ಗಂಟೆ 25 ನಿಮಿಷ. 360 ಅಂಶಗಳನ್ನು ಅದರಿಂದ ಭಾಗಿಸಿದರೆ ಗಂಟೆಗೆ ಸುಮಾರು 29. ನೀರು ಏರುತ್ತ ನಡುಗೆರೆಯನ್ನು ದಾಟಿದ್ದು 3 ಗಂಟೆಗಾದರೆ, ಎತ್ತರ = 1.2 + 0.8 ಸೈನ್ 29(ಕಾಲ − 3). ಸೈನ್ ಎಂಬುದು, ಅಂದಹಾಗೆ, ಪರದೇಶದ ಮಾತಲ್ಲ; ಬಿಲ್ಲಿನ ಹೆದೆ ಎಂಬರ್ಥದ ನಮ್ಮ ‘ಜ್ಯಾ’ ಅರಬ್ಬರ ಬಾಯಲ್ಲಿ ಹೊರಳಿ, ಲ್ಯಾಟಿನಿನಲ್ಲಿ ತಪ್ಪರ್ಥ ಪಡೆದು ತಿರುಗಿ ಬಂದದ್ದು.

ನಿಜವಾದ ಕಡಲು ಇಷ್ಟು ಸರಳವಲ್ಲ. ಸೂರ್ಯನದೊಂದು 12 ಗಂಟೆಯ ಅಲೆಯೂ, ಇನ್ನು ಹಲವು ಸಣ್ಣ ಅಲೆಗಳೂ ಅದೇ ಗೆರೆಯಲ್ಲಿ ಬೆರೆತಿರುತ್ತವೆ. ಅವನ್ನೆಲ್ಲ ಕೂಡಿ ಮುಂಬರುವ ಉಬ್ಬರವನ್ನು ಹೇಳುವ ಯಂತ್ರವನ್ನು 1872-73ರಲ್ಲಿ ಕೆಲ್ವಿನ್ ಪ್ರಭು ರೂಪಿಸಿದನು.

ನಮ್ಮ ಎತ್ತರಕ್ಕೆ ಬೇಕಾದದ್ದು ನಡುಗೆರೆಯೊಂದೇ. 1909ರಲ್ಲಿ ದೇಶದ ಎತ್ತರಗಳನ್ನೆಲ್ಲ ಹೊಂದಿಸಿದಾಗ ಕರಾಚಿ, ಮುಂಬಯಿ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣ, ಮದರಾಸು, ವಿಶಾಖಪಟ್ಟಣ, ಫಾಲ್ಸ್ ಪಾಯಿಂಟ್ ಎಂಬ ಒಂಬತ್ತು ತೀರಗಳ ನಡುಗೆರೆಯನ್ನು ಸೊನ್ನೆಯೆಂದು ಹಿಡಿದರು. ಒಂಬತ್ತು ಕಡೆಯ ಕಡಲೂ ಒಂದೇ ಮಟ್ಟದಲ್ಲಿದೆಯೆಂಬ ಈ ಎಣಿಕೆ ಪೂರ್ತಿ ಸರಿಯಲ್ಲ. ಪೂರ್ವ ತೀರಕ್ಕೂ ಪಶ್ಚಿಮ ತೀರಕ್ಕೂ ತುಸು ವ್ಯತ್ಯಾಸವುಂಟು. ಆ ತಪ್ಪೂ ಸೇರಿಯೇ ದೇಶದ ನಕ್ಷೆಗಳಲ್ಲಿ ಊರೂರಿನ ಎತ್ತರದ ಅಂಕೆಗಳು ದಶಕಗಳ ಕಾಲ ಅಚ್ಚಾದವು.