ಗೋಗಿಯ ಕರಿಯ ಖನಿಜ: ಅದರ ಗುರುತು ಮತ್ತು ಅದರ ವಿಷಯದಲ್ಲಿ ವಹಿಸಬೇಕಾದ ಎಚ್ಚರ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಗೋವಿಂದರಾಜನಗರಕ್ಕೆ ಸಮೀಪವಾದ ನಾಗರಭಾವಿಯಲ್ಲಿ, ಪರಮಾಣು ಖನಿಜ ನಿರ್ದೇಶನಾಲಯದ ದಕ್ಷಿಣ ವಲಯದ ಕಚೇರಿಯಿದೆ. 1949ರಲ್ಲಿ ಡಿ. ಎನ್. ವಾಡಿಯಾ ಅವರ ನೇತೃತ್ವದಲ್ಲಿ ಆರಂಭವಾದ ವಿರಳ ಖನಿಜ ಸಮೀಕ್ಷಾ ಘಟಕವೇ ಈ ಸಂಸ್ಥೆಯ ಮೂಲ. ಶಾಸನವಿರುವ ಕಲ್ಲನ್ನು ಓದಿದವರ ಪರಿಶ್ರಮವು ನಮ್ಮ ನಾಡಿನಲ್ಲಿ ಸುವಿದಿತವಾಗಿದೆ. ಅಕ್ಷರವಿಲ್ಲದ ಕಲ್ಲನ್ನು ಓದಿದವರ ಪರಿಶ್ರಮವು ಅಷ್ಟಾಗಿ ತಿಳಿದುಬಂದಿಲ್ಲ. ಗೋಗಿಯ ವೃತ್ತಾಂತವು ಅದಕ್ಕೊಂದು ನಿದರ್ಶನ.

ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿಗೆ ಸೇರಿದ ಗೋಗಿಯು ಇತಿಹಾಸಜ್ಞರಿಗೆ ಹೊಸತಲ್ಲ. ಬಿಜಾಪುರದ ಆದಿಲಶಾಹಿ ವಂಶದ ಮೂಲಪುರುಷನಾದ ಯೂಸುಫನ ಸಮಾಧಿಯಿರುವುದು ಇಲ್ಲಿಯೇ. ಈ ಸೀಮೆಯ ನೆಲದಲ್ಲಿರುವುದು ಭೀಮಾ ತೀರದ ಸುಣ್ಣಕಲ್ಲು. ಕನ್ನಡಿಗರ ಮನೆಮನೆಯ ನೆಲಕ್ಕೆ ಹಾಸಿರುವ ಶಹಾಬಾದಿನ ಕಲ್ಲು ಇದೇ ವರ್ಗದ್ದು. ಅದರ ಕೆಳಗೆ ಬಹು ಪುರಾತನವಾದ ಗ್ರಾನೈಟು ಇದೆ. ಗೋಗಿಯಿಂದ ಕುರ್ಲಗೇರಿಯ ಕಡೆಗೆ ಹಾಯುವ ಒಂದು ಭೂಭಂಗದ ಉದ್ದಕ್ಕೂ ಇವೆರಡೂ ಒಡೆದು ನುಚ್ಚಾಗಿವೆ. ಆ ನುಚ್ಚಿನ ಬಿರುಕುಗಳಲ್ಲಿ ಯುರೇನಿಯಂ ಸಂಚಿತವಾಗಿರುವುದನ್ನು 1990ರ ದಶಕದಲ್ಲಿ ನಿರ್ದೇಶನಾಲಯದ ಭೂವಿಜ್ಞಾನಿಗಳು ಕಂಡುಕೊಂಡರು. ಸಂಚಯವು ಈ ಮುರಿದ ಪಟ್ಟಿಗೆ ಸೇರಿದ್ದಾದ್ದರಿಂದ ಮನೆಯ ಹಾಸುಗಲ್ಲನ್ನು ಶಂಕಿಸಬೇಕಾದ ಕಾರಣವಿಲ್ಲ.

ಅಲ್ಲಿ ದೊರೆತ ಖನಿಜಗಳು ಮುಖ್ಯವಾಗಿ ಎರಡು: ಪಿಚ್‌ಬ್ಲೆಂಡ್ ಮತ್ತು ಕಾಫಿನೈಟ್. ಮೊದಲನೆಯದು ಯುರೇನಿಯಂ ಆಕ್ಸೈಡು. 1789ರಲ್ಲಿ ಕ್ಲಾಪ್ರೋತ್ ಎಂಬ ಜರ್ಮನ್ ರಸಾಯನಜ್ಞನು ಯುರೇನಿಯಂ ಧಾತುವನ್ನು ಗುರುತಿಸಿದ್ದು ಇದರಲ್ಲಿಯೇ. ಎರಡನೆಯದು ಯುರೇನಿಯಂ ಸಿಲಿಕೇಟು. ಅಮೆರಿಕಾದ ಕೊಲರಾಡೋ ಸೀಮೆಯ ಅದಿರಿನಲ್ಲಿ ಇದನ್ನು ಪ್ರತ್ಯೇಕ ಖನಿಜವೆಂದು ನಿರ್ಣಯಿಸಿ, ಭೂವಿಜ್ಞಾನಿ ರೂಬೆನ್ ಕಾಫಿನ್ ಅವರ ಹೆಸರನ್ನಿಟ್ಟದ್ದು 1950ರ ದಶಕದಲ್ಲಿ. ಇವೆರಡೂ ಕಪ್ಪು, ಎರಡರ ಕಣಗಳೂ ಅತಿ ಸೂಕ್ಷ್ಮ, ಅನೇಕ ವೇಳೆ ಒಂದರೊಳಗೊಂದು ಬೆರೆತಿರುತ್ತವೆ. ಬರಿಯ ಕಣ್ಣಿನಿಂದ ಇವನ್ನು ವಿಂಗಡಿಸಬಲ್ಲೆನೆಂಬ ಹೆಮ್ಮೆ ಯಾರಿಗೂ ಸಲ್ಲದು.

ಈ ಭ್ರಾಂತಿ ದೊಡ್ಡವರನ್ನೂ ಬಿಟ್ಟಿಲ್ಲ. ಭಾರತೀಯ ಕಲಾಮೀಮಾಂಸೆಗಾಗಿ ನಾವು ಗೌರವಿಸುವ ಆನಂದ ಕುಮಾರಸ್ವಾಮಿಯವರು ಯೌವನದಲ್ಲಿ ಸಿಂಹಳದ ಖನಿಜ ಸಮೀಕ್ಷೆಯ ಮುಖ್ಯಸ್ಥರಾಗಿದ್ದರು. 1904ರಲ್ಲಿ ತಮಗೆ ದೊರೆತ ಭಾರವಾದ ಕರಿಯ ಹರಳನ್ನು ಅವರು ಯುರೇನಿಯಂ ಖನಿಜವೆಂದೆಣಿಸಿದರು. ಲಂಡನ್ನಿನಲ್ಲಿ ಡನ್‌ಸ್ಟನ್ ಅವರು ಪೃಥಕ್ಕರಿಸಿ ನೋಡಲಾಗಿ ಅದರಲ್ಲಿ ಥೋರಿಯಮ್ಮೇ ಪ್ರಧಾನವಾಗಿತ್ತು. ಅದಕ್ಕೆ ಥೋರಿಯಾನೈಟ್ ಎಂಬ ಹೆಸರಾಯಿತು.

ಎಣಿಕೆಯ ಯಂತ್ರವೊಂದರಿಂದಲೇ ನಿರ್ಣಯವಾಗುವುದೆಂದು ಭಾವಿಸಬಾರದು. ಕಲ್ಲಿನಿಂದ ಕಿರಣ ಹೊರಡುತ್ತಿದೆಯೆಂಬುದನ್ನು ಮಾತ್ರ ಅದು ಹೇಳುತ್ತದೆ. ಗ್ರಾನೈಟಿನಲ್ಲಿರುವ ಪೊಟ್ಯಾಸಿಯಂ ಕೂಡ ಯಂತ್ರವನ್ನು ಮಿಡಿಯಿಸುತ್ತದೆ. ಥೋರಿಯಂ ಸಹ ಹಾಗೆಯೇ. ಆದಕಾರಣ ಗಾಮಾ ಕಿರಣಗಳನ್ನು ಅವುಗಳ ಶಕ್ತಿಗನುಸಾರವಾಗಿ ವಿಂಗಡಿಸಿ ಮೂರು ಧಾತುಗಳ ಪಾಲನ್ನು ಬೇರ್ಪಡಿಸಬೇಕು. ಅನಂತರ ಕಲ್ಲನ್ನು ತೆಳುವಾಗಿ ಅರೆದು ಛಾಯಾಫಲಕದ ಮೇಲಿಟ್ಟರೆ, ಯಾವ ಕಣವು ಕಿರಣವನ್ನು ಬೀರುತ್ತಿದೆಯೋ ಅದರ ಗುರುತು ತಾನಾಗಿಯೇ ಮೂಡುವುದು. 1896ರಲ್ಲಿ ಬೆಕೆರೆಲ್ ಕಂಡ ವಿಸ್ಮಯವೇ ಇಲ್ಲಿ ಉಪಕರಣವಾಗಿದೆ. ಕೊನೆಯ ತೀರ್ಪು ಕ್ಷಕಿರಣಗಳದು. ಹರಳಿನೊಳಗಿನ ಅಣುಗಳ ಜೋಡಣೆಯನ್ನು ಅವು ತಿಳಿಸಿದಾಗಲೇ ಕಾಫಿನೈಟು ಪಿಚ್‌ಬ್ಲೆಂಡಿನಿಂದ ಬೇರೆಯಾಗುತ್ತದೆ.

ಗುರುತಿಸುವ ವಿದ್ಯೆಯು ಬೆಳೆದಷ್ಟು ಬೇಗ ಎಚ್ಚರವು ಬೆಳೆಯಲಿಲ್ಲ. ಮೇರಿ ಕ್ಯೂರಿಯವರು 1934ರಲ್ಲಿ ರಕ್ತಕ್ಷಯದಿಂದ ತೀರಿಕೊಂಡರು. ಅವರ ಟಿಪ್ಪಣಿ ಪುಸ್ತಕಗಳನ್ನು ಇಂದಿಗೂ ಸೀಸದ ಪೆಟ್ಟಿಗೆಗಳಲ್ಲಿಟ್ಟಿದ್ದಾರೆ. ಕಲ್ಲಿನ ಬಣ್ಣವು ಸ್ಪಷ್ಟವಾಗಲೆಂದು ಅದನ್ನು ನಾಲಗೆಯಿಂದ ತೇವಮಾಡುವ ಹಳೆಯ ವಾಡಿಕೆ ಭೂವಿಜ್ಞಾನಿಗಳಲ್ಲಿತ್ತು. ಇಂಥ ಅದಿರಿನಲ್ಲಿ ಅದಕ್ಕಿಂತ ಅನುಚಿತವಾದುದಿಲ್ಲ. ಇದರ ಆಲ್ಫಾ ಕಿರಣಗಳನ್ನು ಒಂದು ಕಾಗದವೂ ತಡೆಯಬಲ್ಲದು. ಆದರೆ ಅದೇ ಧೂಳು ಉಸಿರಿನೊಡನೆ ಒಳಹೊಕ್ಕರೆ ಶ್ವಾಸಕೋಶಕ್ಕೆ ಯಾವ ಕಾಗದದ ಮರೆಯೂ ಇಲ್ಲ. ಆದ್ದರಿಂದ ಒಡೆಯುವಾಗ ನೀರು ಚಿಮುಕಿಸುವುದು, ಮೂಗುಬಾಯಿಗಳಿಗೆ ಮುಸುಕು, ಕೈಗವಸು, ಕೆಲಸವಾದೊಡನೆ ಕೈತೊಳೆಯುವುದು, ಸ್ಥಳದಲ್ಲಿ ಊಟ ತಾಂಬೂಲಗಳನ್ನು ವರ್ಜಿಸುವುದು ಅವಶ್ಯ. ಗಾಮಾ ಕಿರಣಕ್ಕೆ ದೂರವೇ ಮದ್ದು: ಸಣ್ಣ ತುಣುಕಿನಿಂದ ದೂರವು ಇಮ್ಮಡಿಯಾದರೆ ಅದರ ಕಿರಣದ ತೀವ್ರತೆ ಸುಮಾರು ಕಾಲುಭಾಗಕ್ಕಿಳಿಯುತ್ತದೆ. ಅದಿರಿನಿಂದ ರೇಡಾನ್ ಎಂಬ ಅನಿಲವು ಸದಾ ಹೊರಡುವುದರಿಂದ ಮಾದರಿಗಳನ್ನು ಗಾಳಿಯಾಡುವ ಕೋಣೆಯಲ್ಲಿಡಬೇಕು.

ಗೋಗಿಯ ವಿಷಯದಲ್ಲಿ ನೀರಿನ ವಿಚಾರವು ಇವೆಲ್ಲಕ್ಕಿಂತ ಗುರುತರವಾದುದು. ಗಾಳಿ ಸೋಕದ ಆಳದಲ್ಲಿ ಕಾಫಿನೈಟು ಬಹುಮಟ್ಟಿಗೆ ಕರಗದೆ ನಿಲ್ಲುತ್ತದೆ. ಅಗೆದು ಮೇಲಕ್ಕೆ ತಂದು ಗಾಳಿಮಳೆಗಳಿಗೆ ಒಡ್ಡಿದರೆ ಅದರ ಯುರೇನಿಯಂ ಆಮ್ಲಜನಕದೊಡನೆ ಕೂಡಿ ನೀರಿನಲ್ಲಿ ಕರಗುವ ಸ್ಥಿತಿಗೆ ಬರುತ್ತದೆ. ಸುಣ್ಣಕಲ್ಲಿನ ಸೀಮೆಯ ನೀರಿನಲ್ಲಿರುವ ಕಾರ್ಬೊನೇಟು ಇದಕ್ಕೆ ಮತ್ತಷ್ಟು ಅನುಕೂಲ. ಕುಡಿಯುವ ನೀರಿನಲ್ಲಿ ಲೀಟರಿಗೆ 30 ಮೈಕ್ರೋಗ್ರಾಮಿಗೆ ಮೀರಿ ಯುರೇನಿಯಂ ಇರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಈ ಮಿತಿಗೆ ಮುಖ್ಯ ಕಾರಣ ಕಿರಣವಲ್ಲ, ಮೂತ್ರಪಿಂಡಕ್ಕೆ ಆ ಲೋಹವು ಮಾಡುವ ಹಾನಿ. ನೀರಿನಲ್ಲಿ ಕರಗಿದ ಯುರೇನಿಯಮ್ಮಿಗೆ ಬಣ್ಣವಾಗಲಿ ವಾಸನೆಯಾಗಲಿ ತಿಳಿಯದು. ಆದುದರಿಂದ ಅಲ್ಲಿಯ ಬಾವಿ ಕೊಳವೆಗಳ ನೀರನ್ನು ಕಾಲಕಾಲಕ್ಕೆ ಪರೀಕ್ಷಿಸಿ, ಫಲವನ್ನು ಊರವರಿಗೆ ಕನ್ನಡದಲ್ಲಿಯೇ ತಿಳಿಸುವುದು ಶೋಧಕರ ಕೆಲಸದ ಹೊರಗಿನದೆಂದು ಎಣಿಸಲಾಗದು.